ವಾಲ್ಟರ್ ನರ್ನ್‌ಸ್ಟ್: ಆರಿದ ದೀಪ, ಉಳಿದ ಬೆಳಕು

ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆಲ್ಲ ನರ್ನ್‌ಸ್ಟ್ ಸಮೀಕರಣದ ಪರಿಚಯವಿರುತ್ತದೆ. ರಸಾಯನಶಾಸ್ತ್ರದ ವಿದ್ಯುದ್ರಸಾಯನ ಅಧ್ಯಾಯದಲ್ಲಿ ಬರುವ ಈ ಸೂತ್ರವನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಅದರ ಮೇಲೆ ಒಂದೆರಡು ಲೆಕ್ಕ ಬಿಡಿಸುತ್ತಾರೆ. ಪರೀಕ್ಷೆ ಮುಗಿದ ಮೇಲೆ ಹೆಚ್ಚಿನವರು ಮರೆತುಬಿಡುತ್ತಾರೆ. ಇದರಿಂದ ನಮಗೇನು ಉಪಯೋಗ ಎಂದು ತರಗತಿಯಲ್ಲಿ ಕೇಳುವ ವಿದ್ಯಾರ್ಥಿಗಳೂ ಇದ್ದಾರೆ. ಆ ಪ್ರಶ್ನೆ ತಪ್ಪಲ್ಲ. ಅದಕ್ಕೆ ಉತ್ತರ ಬೇಕಾದರೆ ಉಕ್ಕಿನ ಕಾರ್ಖಾನೆಯೊಂದರ ಒಳಗೆ ಹೋಗಿ ನೋಡಬೇಕು.

ಅಲ್ಲಿ ಸುಮಾರು 1600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಉಕ್ಕು ನೀರಿನಂತೆ ದ್ರವವಾಗಿ ನಿಂತಿರುತ್ತದೆ. ಕಣ್ಣಿಗೆ ಅದು ಉರಿಯುವ ಬೆಳಕಿನ ಕೊಳದಂತೆ ಕಾಣುತ್ತದೆಯೇ ಹೊರತು ಅದರೊಳಗೆ ಏನಿದೆ ಎಂಬುದು ಗೊತ್ತಾಗುವುದಿಲ್ಲ. ಅದರಲ್ಲಿ ಆಮ್ಲಜನಕ ವಿಲೀನವಾಗಿರುತ್ತದೆ. ಸೋಡಾ ಬಾಟಲಿಯ ಮುಚ್ಚಳ ತೆಗೆಯುವವರೆಗೆ ಅದರೊಳಗಿನ ಅನಿಲ ಕಾಣದಿರುವಂತೆಯೇ ಇದು ಕೂಡ ಕಾಣುವುದಿಲ್ಲ. ಒಬ್ಬ ಕೆಲಸಗಾರ ಉದ್ದನೆಯ ಸಲಾಕೆಯ ತುದಿಗೆ ಸಿಕ್ಕಿಸಿದ ಒಂದು ಸಣ್ಣ ಸಂವೇದಕವನ್ನು, ಅಂದರೆ ಸೆನ್ಸರನ್ನು, ಆ ದ್ರವದೊಳಗೆ ಅದ್ದುತ್ತಾನೆ. ಹತ್ತು ಸೆಕೆಂಡಿನೊಳಗೆ ಆಮ್ಲಜನಕ ಎಷ್ಟಿದೆ ಎಂಬ ಅಂಕಿ ಫಲಕದ ಮೇಲೆ ಮೂಡುತ್ತದೆ. ಆ ಅಂಕಿಯನ್ನು ಕೊಡುವುದು ನಮ್ಮ ಪಠ್ಯಪುಸ್ತಕದ ಅದೇ ಸೂತ್ರ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ ಆ ಸಂವೇದಕದ ಹೃದಯಭಾಗದಲ್ಲಿರುವ ಪಿಂಗಾಣಿಯ ವಂಶದ ಮೊದಲ ವಸ್ತುವನ್ನು ಕಂಡುಹಿಡಿದವರೂ ಅದೇ ವಿಜ್ಞಾನಿ. ಆದರೆ ಅವರು ಅದನ್ನು ಕಂಡುಹಿಡಿದದ್ದು ದೀಪ ಹಚ್ಚುವುದಕ್ಕಾಗಿ! ಅವರ ಜೀವನವನ್ನು ನಮ್ಮ ವಿದ್ಯಾರ್ಥಿಗಳು ತಿಳಿದುಕೊಳ್ಳಬೇಕು ಎಂಬ ಉದ್ದೇಶದಿಂದ ಈ ಲೇಖನ.

ಕವಿಯಾಗಬೇಕೆಂದಿದ್ದ ಹುಡುಗ

ವಾಲ್ಟರ್ ಹೆರ್ಮನ್ ನರ್ನ್‌ಸ್ಟ್ ಅವರು 1864ರ ಜೂನ್ 25ರಂದು ಪಶ್ಚಿಮ ಪ್ರಷ್ಯಾದ ಬ್ರೀಸೆನ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ಆ ಊರು ಈಗ ಪೋಲೆಂಡ್ ದೇಶದಲ್ಲಿದೆ. ತಂದೆ ನ್ಯಾಯಾಧೀಶರು. ಗ್ರೌಡೆನ್ಸ್ ಎಂಬ ಪಟ್ಟಣದಲ್ಲಿ ಶಾಲಾ ಶಿಕ್ಷಣ ನಡೆಯಿತು. ಬಾಲಕನಾಗಿದ್ದಾಗ ಅವರಿಗೆ ಸಾಹಿತ್ಯದ ಹುಚ್ಚು ಇತ್ತು, ಕವಿಯಾಗಬೇಕು ಎಂಬ ಆಸೆಯಿತ್ತು. ಶಾಲೆಯ ರಸಾಯನಶಾಸ್ತ್ರದ ಉಪಾಧ್ಯಾಯರು ಅವರ ಮನಸ್ಸನ್ನು ವಿಜ್ಞಾನದ ಕಡೆಗೆ ತಿರುಗಿಸಿದರು. ಒಬ್ಬ ಒಳ್ಳೆಯ ಉಪಾಧ್ಯಾಯರಿಂದ ವಿದ್ಯಾರ್ಥಿಯ ಬಾಳಿನ ದಿಕ್ಕೇ ಬದಲಾಗಬಲ್ಲದು ಎಂಬುದಕ್ಕೆ ಇದೊಂದು ನಿದರ್ಶನ. ನಾಟಕ ಮತ್ತು ಸಾಹಿತ್ಯದ ಮೇಲಿನ ಅವರ ಪ್ರೀತಿ ಮಾತ್ರ ಕೊನೆಯವರೆಗೂ ಉಳಿಯಿತು.

ಅಂದಿನ ಜರ್ಮನ್ ಪದ್ಧತಿಯಂತೆ ಅವರು ಒಂದೇ ವಿಶ್ವವಿದ್ಯಾಲಯದಲ್ಲಿ ಕೂರಲಿಲ್ಲ. ಜ್ಯೂರಿಚ್, ಬರ್ಲಿನ್, ಗ್ರಾಜ್, ವುರ್ಟ್ಸ್‌ಬರ್ಗ್ ಹೀಗೆ ಊರಿಂದ ಊರಿಗೆ ಹೋಗಿ, ಶ್ರೇಷ್ಠ ಪ್ರಾಧ್ಯಾಪಕರನ್ನು ಹುಡುಕಿಕೊಂಡು ಓದಿದರು. ಗ್ರಾಜ್‌ನಲ್ಲಿ ಮಹಾನ್ ಭೌತವಿಜ್ಞಾನಿ ಬೋಲ್ಟ್ಸ್‌ಮನ್ ಇದ್ದರು. ಅಲ್ಲಿಯೇ ಎಟ್ಟಿಂಗ್ಸ್‌ಹೌಸೆನ್ ಅವರೊಡನೆ ಸೇರಿ, ಕಾಂತಕ್ಷೇತ್ರದಲ್ಲಿಟ್ಟ ಲೋಹದ ಒಂದು ಬದಿಗೆ ಶಾಖ ಕೊಟ್ಟಾಗ ಹುಟ್ಟುವ ವಿದ್ಯುತ್ತನ್ನು ಕುರಿತು ಸಂಶೋಧನೆ ನಡೆಸಿದರು. 1887ರಲ್ಲಿ ವುರ್ಟ್ಸ್‌ಬರ್ಗ್‌ನಲ್ಲಿ ಕೋಲ್‌ರೌಷ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದರು. ಆ ದಿನಗಳಲ್ಲಿ ಸ್ವೀಡನ್ನಿನ ಅರ್ಹೀನಿಯಸ್ ಅವರ ಸ್ನೇಹವಾಯಿತು. ಉಪ್ಪು ನೀರಿನಲ್ಲಿ ವಿಲೀನವಾದಾಗ ವಿದ್ಯುದಂಶವುಳ್ಳ ಅಯಾನುಗಳಾಗಿ ಒಡೆಯುತ್ತದೆ ಎಂದು ಪ್ರತಿಪಾದಿಸಿದ ತರುಣ ವಿಜ್ಞಾನಿ ಅವರು. ಅದೇ ವರ್ಷ ಲೈಪ್‌ಜಿಗ್‌ನ ಪ್ರಾಧ್ಯಾಪಕ ಓಸ್ಟ್‌ವಾಲ್ಡ್ ಅವರು ನರ್ನ್‌ಸ್ಟ್ ಅವರನ್ನು ತಮ್ಮ ಸಹಾಯಕರನ್ನಾಗಿ ಕರೆಸಿಕೊಂಡರು. ರಸಾಯನಶಾಸ್ತ್ರ ಮತ್ತು ಭೌತಶಾಸ್ತ್ರಗಳ ನಡುವಿನ ಗೋಡೆಯನ್ನು ಒಡೆಯುತ್ತಿದ್ದವರ ಕೂಟ ಅದಾಗಿತ್ತು.

ಇಪ್ಪತ್ತೈದನೆಯ ವಯಸ್ಸಿನ ಸೂತ್ರ

ವೋಲ್ಟಾ ಅವರು 1800ರಲ್ಲಿ ಮೊದಲ ಬ್ಯಾಟರಿಯನ್ನು ಲೋಕಕ್ಕೆ ತಿಳಿಸಿ 90 ವರ್ಷ ಸಮೀಪಿಸಿತ್ತು. ಬ್ಯಾಟರಿಗಳು ಎಲ್ಲೆಡೆ ಬಳಕೆಯಲ್ಲಿದ್ದವು. ಆದರೆ ಒಂದು ವಿದ್ಯುತ್ ಕೋಶ ಇಷ್ಟೇ ವೋಲ್ಟ್ ಏಕೆ ಕೊಡುತ್ತದೆ, ಅದರೊಳಗಿನ ದ್ರಾವಣ ತೆಳುವಾದರೆ ವೋಲ್ಟ್ ಏಕೆ ಬದಲಾಗುತ್ತದೆ ಎಂಬುದಕ್ಕೆ ತೃಪ್ತಿಕರ ವಿವರಣೆ ಇರಲಿಲ್ಲ. 1889ರಲ್ಲಿ, ತಮ್ಮ 25ನೆಯ ವಯಸ್ಸಿನಲ್ಲಿ, ನರ್ನ್‌ಸ್ಟ್ ಅವರು ಈ ಪ್ರಶ್ನೆಗೆ ಉತ್ತರ ಕೊಟ್ಟರು.

ಅದರ ಸಾರಾಂಶ ಸರಳವಾದುದು. ಒಂದು ವಸ್ತು ಒಂದು ಕಡೆ ಹೆಚ್ಚಾಗಿಯೂ ಇನ್ನೊಂದು ಕಡೆ ಕಡಿಮೆಯಾಗಿಯೂ ಇದ್ದರೆ, ಅದು ಹೆಚ್ಚಿರುವಲ್ಲಿಂದ ಕಡಿಮೆಯಿರುವ ಕಡೆಗೆ ಹರಿಯಲು ತವಕಿಸುತ್ತದೆ. ಅದು ಅಯಾನು ರೂಪದಲ್ಲಿ ಮಾತ್ರ ದಾಟಬಲ್ಲದು ಎಂಬ ನಿರ್ಬಂಧವಿದ್ದರೆ, ಆ ತವಕವೇ ವೋಲ್ಟ್ ಆಗಿ ಪ್ರಕಟವಾಗುತ್ತದೆ. ಎರಡು ಕಡೆಯ ಪ್ರಮಾಣಗಳ ಅನುಪಾತ ಮತ್ತು ಉಷ್ಣತೆ ಗೊತ್ತಿದ್ದರೆ ವೋಲ್ಟ್ ಎಷ್ಟೆಂದು ಲೆಕ್ಕ ಹಾಕಬಹುದು. ಕೊಠಡಿಯ ಉಷ್ಣತೆಯಲ್ಲಿ, ಒಂದು ವಿದ್ಯುದಂಶವುಳ್ಳ ಅಯಾನಿನ ಪ್ರಮಾಣದಲ್ಲಿ ಹತ್ತು ಪಟ್ಟು ವ್ಯತ್ಯಾಸವಿದ್ದರೆ ಸುಮಾರು 59 ಮಿಲಿವೋಲ್ಟ್ ಹುಟ್ಟುತ್ತದೆ.

ಈ ಸೂತ್ರವನ್ನು ತಿರುಗಿಸಿ ಓದಿದರೆ ಅದು ಅಳೆಯುವ ಸಾಧನವಾಗುತ್ತದೆ. ಒಂದು ಕಡೆಯ ಪ್ರಮಾಣ ನಮಗೆ ಮೊದಲೇ ತಿಳಿದಿದ್ದು, ವೋಲ್ಟನ್ನೂ ಉಷ್ಣತೆಯನ್ನೂ ಅಳೆದರೆ, ಇನ್ನೊಂದು ಕಡೆಯ ಪ್ರಮಾಣ ತಾನಾಗಿ ದೊರೆಯುತ್ತದೆ. ಕೈ ಹಾಕಲಾಗದ ಕಡೆ, ಕಣ್ಣಿಗೆ ಕಾಣದ ಕಡೆ ಏನಿದೆ ಎಂದು ತಿಳಿಯಲು ಇದು ದಾರಿ. ಉಕ್ಕಿನ ಕಾರ್ಖಾನೆಯಲ್ಲಿ ನಡೆಯುವುದು ಇದೇ. ಆದರೆ ಅದಕ್ಕೆ 1600 ಡಿಗ್ರಿ ಶಾಖವನ್ನು ತಾಳಿಕೊಂಡು, ಆಮ್ಲಜನಕದ ಅಯಾನುಗಳನ್ನು ಮಾತ್ರ ದಾಟಿಸುವ ಒಂದು ಗೋಡೆ ಬೇಕಿತ್ತು. ಅಂಥ ವಸ್ತು 1889ರಲ್ಲಿ ಯಾರ ಕೈಯಲ್ಲೂ ಇರಲಿಲ್ಲ.

ಹತ್ತು ಲಕ್ಷ ಮಾರ್ಕಿನ ದೀಪ

ಲೈಪ್‌ಜಿಗ್‌ನಿಂದ ನರ್ನ್‌ಸ್ಟ್ ಅವರು ಗ್ಯೋಟಿಂಗೆನ್‌ಗೆ ಹೋದರು. 1892ರಲ್ಲಿ ಅಲ್ಲಿನ ಶಸ್ತ್ರವೈದ್ಯರೊಬ್ಬರ ಮಗಳು ಎಮ್ಮಾ ಲೋಮೆಯರ್ ಅವರನ್ನು ವಿವಾಹವಾದರು. ಅವರಿಗೆ ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು ಜನಿಸಿದರು. 1893ರಲ್ಲಿ ಅವರು ಬರೆದ ಸೈದ್ಧಾಂತಿಕ ರಸಾಯನಶಾಸ್ತ್ರದ ಗ್ರಂಥ ಹಲವಾರು ಮುದ್ರಣಗಳನ್ನು ಕಂಡು, ಒಂದು ತಲೆಮಾರಿನ ವಿದ್ಯಾರ್ಥಿಗಳ ಪಾಲಿಗೆ ಗುರುವಾಯಿತು. ಮ್ಯೂನಿಕ್ ಮುಂತಾದ ಕಡೆಗಳಿಂದ ಆಹ್ವಾನ ಬಂದಾಗ ಅವರನ್ನು ಕಳೆದುಕೊಳ್ಳಲು ಇಷ್ಟವಿಲ್ಲದೆ ಗ್ಯೋಟಿಂಗೆನ್‌ನಲ್ಲೇ ಪ್ರಾಧ್ಯಾಪಕ ಹುದ್ದೆಯನ್ನೂ ಹೊಸ ಸಂಸ್ಥೆಯನ್ನೂ ಕೊಡಲಾಯಿತು.

ಅಂದಿನ ವಿದ್ಯುದ್ದೀಪಗಳು ಇದ್ದಿಲಿನ ಎಳೆಯವು. ಹೆಚ್ಚು ವಿದ್ಯುತ್ ನುಂಗಿ ಮಂಕಾದ ಹಳದಿ ಬೆಳಕು ಕೊಡುತ್ತಿದ್ದವು. ಇದಕ್ಕಿಂತ ಉತ್ತಮ ದೀಪ ಮಾಡಬೇಕೆಂದು ನರ್ನ್‌ಸ್ಟ್ ಅವರು 1897ರ ಸುಮಾರಿಗೆ ಒಂದು ವಿಚಿತ್ರ ದಾರಿ ಹಿಡಿದರು. ಪಿಂಗಾಣಿಯಂಥ ಆಕ್ಸೈಡ್‌ಗಳು ತಣ್ಣಗಿದ್ದಾಗ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಆದರೆ ಅವುಗಳನ್ನು ಚೆನ್ನಾಗಿ ಕಾಯಿಸಿದರೆ ವಿದ್ಯುತ್ ಹರಿಯುತ್ತದೆ, ಹರಿದ ವಿದ್ಯುತ್ತೇ ಅವುಗಳನ್ನು ಇನ್ನಷ್ಟು ಕಾಯಿಸಿ ಕಣ್ಣು ಕೋರೈಸುವಂತೆ ಬೆಳಗಿಸುತ್ತದೆ. ಒಂದೇ ಆಕ್ಸೈಡ್‌ಗಿಂತ ಎರಡನ್ನು ಬೆರೆಸಿದಾಗ ವಿದ್ಯುತ್ ಎಷ್ಟೋ ಸುಲಭವಾಗಿ ಹರಿಯುತ್ತದೆ ಎಂಬುದನ್ನು ಅವರು ಕಂಡುಕೊಂಡರು. ಜಿರ್ಕೋನಿಯಂ ಲೋಹದ ಆಕ್ಸೈಡ್ ಆದ ಜಿರ್ಕೋನಿಯಾ 85 ಭಾಗ, ಯಿಟ್ರಿಯಂ ಲೋಹದ ಆಕ್ಸೈಡ್ ಆದ ಯಿಟ್ರಿಯಾ 15 ಭಾಗ ಸೇರಿದ ಮಿಶ್ರಣಕ್ಕೆ ನರ್ನ್‌ಸ್ಟ್ ಮಿಶ್ರಣ ಎಂದೇ ಹೆಸರಾಯಿತು.

ಜರ್ಮನಿಯ ಎಇಜಿ ವಿದ್ಯುತ್ ಕಂಪನಿ ಈ ದೀಪದ ಹಕ್ಕನ್ನು ಹತ್ತು ಲಕ್ಷ ಮಾರ್ಕ್ ಕೊಟ್ಟು ಕೊಂಡುಕೊಂಡಿತು. ಒಬ್ಬ ಪ್ರಾಧ್ಯಾಪಕರಿಗೆ ಅದು ಊಹಿಸಲೂ ಆಗದ ಮೊತ್ತ. 1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಆ ಕಂಪನಿಯ ಮಂಟಪವನ್ನು ನರ್ನ್‌ಸ್ಟ್ ದೀಪಗಳು ಬೆಳಗಿದವು. ಅಮೆರಿಕದಲ್ಲಿ ವೆಸ್ಟಿಂಗ್‌ಹೌಸ್ ಅವರು ಇದರ ತಯಾರಿಕೆಗೆ ಕೈಹಾಕಿದರು. ಕೈಗೆ ಹಣ ಬಂದ ನರ್ನ್‌ಸ್ಟ್ ಅವರು ಮೋಟಾರು ಕಾರು ಕೊಂಡರು. ಗ್ಯೋಟಿಂಗೆನ್ ಪಟ್ಟಣದಲ್ಲಿ ಕಾರು ಅಪರೂಪವಾಗಿದ್ದ ಕಾಲವದು. ಕಾರಿನ ಮೇಲಿನ ಪ್ರೀತಿ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಆದರೆ ದೀಪದ ಆಯುಸ್ಸು ಹೆಚ್ಚಾಗಿರಲಿಲ್ಲ. ಗುಂಡಿ ಒತ್ತಿದೊಡನೆ ಅದು ಹೊತ್ತಿಕೊಳ್ಳುತ್ತಿರಲಿಲ್ಲ, ಮೊದಲು ಬೇರೊಂದು ತಂತಿಸುರುಳಿಯಿಂದ ಕಾಯಿಸಬೇಕಾಗಿತ್ತು. ಟಂಗ್‌ಸ್ಟನ್ ಎಳೆಯ ಬಲ್ಬು ಬಂದ ಮೇಲೆ ಇದನ್ನು ಕೇಳುವವರಿಲ್ಲವಾದರು. ಅನಿಲ ತುಂಬಿದ ಟಂಗ್‌ಸ್ಟನ್ ಬಲ್ಬನ್ನು 1913ರಲ್ಲಿ ಅಮೆರಿಕದಲ್ಲಿ ರೂಪಿಸಿದ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಅವರು ಗ್ಯೋಟಿಂಗೆನ್‌ನಲ್ಲಿ ನರ್ನ್‌ಸ್ಟ್ ಅವರ ಬಳಿಯೇ ಡಾಕ್ಟರೇಟ್ ಮಾಡಿದವರು! ಗುರುವಿನ ದೀಪವನ್ನು ಹಿಂದಿಕ್ಕಿದ ಬಲ್ಬನ್ನು ಶಿಷ್ಯನೇ ಉತ್ತಮಗೊಳಿಸಿದಂತಾಯಿತು.

ದೀಪ ಆರಿತು, ಆದರೆ ಅದರ ಹಿಂದಿನ ಒಂದು ಸಣ್ಣ ಗಮನಿಕೆ ಉಳಿಯಿತು. ಈ ಪಿಂಗಾಣಿಯ ಮೂಲಕ ನೇರ ವಿದ್ಯುತ್ತನ್ನು ಎಷ್ಟು ಹೊತ್ತು ಹರಿಸಿದರೂ ಅದು ಒಡೆದು ಹಾಳಾಗುತ್ತಿರಲಿಲ್ಲ. ಗಾಳಿಯ ಆಮ್ಲಜನಕವು ಒಂದು ತುದಿಯಲ್ಲಿ ಒಳಗೆ ಹೊಕ್ಕು ಇನ್ನೊಂದು ತುದಿಯಲ್ಲಿ ಹೊರಗೆ ಹೋಗುತ್ತಿರುವುದೇ ಇದಕ್ಕೆ ಕಾರಣವೆಂದು ಆಮೇಲೆ ಸ್ಪಷ್ಟವಾಯಿತು. ಇಲ್ಲಿ ಎಲೆಕ್ಟ್ರಾನುಗಳ ಬದಲು ಆಮ್ಲಜನಕದ ಅಯಾನುಗಳು ವಿದ್ಯುತ್ತನ್ನು ಹೊರುತ್ತವೆ. ಉಪ್ಪುನೀರಿನಲ್ಲಿ ಅಯಾನುಗಳು ಚಲಿಸುವಂತೆಯೇ ಘನವಸ್ತುವಿನಲ್ಲೂ ಚಲಿಸಬಲ್ಲವು ಎಂಬ ದಿಕ್ಕಿನಲ್ಲಿ 1899ರಲ್ಲಿ ಅವರು ಲೇಖನ ಪ್ರಕಟಿಸಿದರು. ಹೀಗೆ 1889ರ ಸೂತ್ರಕ್ಕೆ ಬೇಕಾಗಿದ್ದ ಗೋಡೆ ಹತ್ತೇ ವರ್ಷದಲ್ಲಿ ಅದೇ ಮನುಷ್ಯನ ಪ್ರಯೋಗಶಾಲೆಯಲ್ಲಿ ಸಿದ್ಧವಾಗಿತ್ತು. ಆದರೆ ಅವೆರಡನ್ನೂ ಸೇರಿಸಿ ದ್ರವಲೋಹದಲ್ಲಿ ಅದ್ದುವ ಕಾಲ ಬರಲು ಇನ್ನೂ ಅರ್ಧ ಶತಮಾನಕ್ಕೂ ಹೆಚ್ಚು ಕಾಯಬೇಕಾಯಿತು.

ಬರ್ಲಿನ್ನಿನ ದಿನಗಳು

1905ರಲ್ಲಿ ನರ್ನ್‌ಸ್ಟ್ ಅವರು ಬರ್ಲಿನ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಬಂದರು. ಅದೇ ವರ್ಷದ ಡಿಸೆಂಬರಿನಲ್ಲಿ ತಮ್ಮ ಉಷ್ಣ ಪ್ರಮೇಯವನ್ನು ಮಂಡಿಸಿದರು. ಅದನ್ನೇ ನಾವು ಇಂದು ಉಷ್ಣಗತಿವಿಜ್ಞಾನದ ಮೂರನೆಯ ನಿಯಮ ಎಂದು ಕರೆಯುತ್ತೇವೆ. ಉಷ್ಣತೆಯು ನಿರಪೇಕ್ಷ ಶೂನ್ಯವನ್ನು, ಅಂದರೆ ಮೈನಸ್ 273 ಡಿಗ್ರಿಯನ್ನು, ಸಮೀಪಿಸುತ್ತಿದ್ದಂತೆ ಕ್ರಿಯೆಯೊಂದರಲ್ಲಿ ಎಂಟ್ರೊಪಿಯ ಬದಲಾವಣೆಯೂ ಶೂನ್ಯದತ್ತ ಸಾಗುತ್ತದೆ ಎಂಬುದು ಇದರ ತಾತ್ಪರ್ಯ. ಕೇಳಲು ಇದು ಅತ್ಯಂತ ಒಣ ವಿಷಯ. ಆದರೆ ಇದರಿಂದ ದೊರೆತ ಲಾಭ ದೊಡ್ಡದು. ಒಂದು ರಾಸಾಯನಿಕ ಕ್ರಿಯೆ ಯಾವ ಉಷ್ಣತೆಯಲ್ಲಿ ಎಷ್ಟರ ಮಟ್ಟಿಗೆ ನಡೆಯುತ್ತದೆ ಎಂಬುದನ್ನು, ಆ ಕ್ರಿಯೆಯನ್ನು ಮಾಡಿ ನೋಡದೆಯೇ, ಉಷ್ಣದ ಅಳತೆಗಳಿಂದ ಲೆಕ್ಕ ಹಾಕುವುದು ಸಾಧ್ಯವಾಯಿತು. ಅದನ್ನು ಸಾಬೀತುಪಡಿಸಲು ಅವರೂ ಅವರ ಶಿಷ್ಯರೂ ಅತಿಶೈತ್ಯದಲ್ಲಿ ವಸ್ತುಗಳ ಉಷ್ಣಧಾರಣೆಯನ್ನು ವರ್ಷಗಟ್ಟಲೆ ಅಳೆದರು. ಈ ಸಾಧನೆಗಾಗಿ 1920ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು. ಆ ಪ್ರಶಸ್ತಿಯನ್ನು ಘೋಷಿಸಿದ್ದು 1921ರಲ್ಲಿ.

ಅವರು ತಮ್ಮ ಏಳಿಗೆಯನ್ನು ಮಾತ್ರ ನೋಡಿಕೊಂಡವರಲ್ಲ. 1911ರಲ್ಲಿ ಬೆಲ್ಜಿಯಂನ ಉದ್ಯಮಿ ಸಾಲ್ವೇ ಅವರ ನೆರವಿನಿಂದ ಬ್ರಸೆಲ್ಸ್‌ನಲ್ಲಿ ಮೊದಲ ಸಾಲ್ವೇ ಸಮ್ಮೇಳನ ನಡೆಯಲು ಅವರ ಓಡಾಟವೇ ಮುಖ್ಯ ಕಾರಣ. ಪ್ಲಾಂಕ್, ಮೇರಿ ಕ್ಯೂರಿ, ಐನ್‌ಸ್ಟೈನ್ ಮುಂತಾದವರೆಲ್ಲ ಅಲ್ಲಿ ಒಟ್ಟುಗೂಡಿ ಹೊಸ ಕ್ವಾಂಟಂ ವಿಚಾರವನ್ನು ಚರ್ಚಿಸಿದರು. 1913ರಲ್ಲಿ ಪ್ಲಾಂಕ್ ಮತ್ತು ನರ್ನ್‌ಸ್ಟ್ ಅವರು ಜ್ಯೂರಿಚ್‌ಗೆ ಪ್ರಯಾಣ ಮಾಡಿ ಐನ್‌ಸ್ಟೈನ್ ಅವರನ್ನು ಬರ್ಲಿನ್‌ಗೆ ಬರುವಂತೆ ಒಪ್ಪಿಸಿದರು.

ನಮ್ಮ ದೇಶಕ್ಕೂ ಅವರ ಪ್ರಯೋಗಶಾಲೆಗೂ ಒಂದು ನಂಟು ಇದೆ. ಢಾಕಾ ಬಳಿಯ ಹಳ್ಳಿಯೊಂದರಲ್ಲಿ ಸಣ್ಣ ಅಂಗಡಿಯವರ ಮಗನಾಗಿ ಹುಟ್ಟಿ, ಕಡುಬಡತನದಲ್ಲಿ ಓದಿ ಮೇಲೆ ಬಂದ ಮೇಘನಾದ ಸಾಹಾ ಅವರ ಹೆಸರನ್ನು ಕೇಳದವರು ವಿರಳ. ಕಾದ ಅನಿಲದ ಪರಮಾಣುಗಳು ಅಯಾನುಗಳಾಗುವ ಬಗೆಗಿನ ತಮ್ಮ ಸಿದ್ಧಾಂತವನ್ನು ಪ್ರಯೋಗದಿಂದ ಪರೀಕ್ಷಿಸಲು ಅವರಿಗೆ ತಕ್ಕ ಸಲಕರಣೆಗಳು ಬೇಕಿದ್ದವು. ಇಂಗ್ಲೆಂಡಿನಿಂದ ಅವರು ಬರ್ಲಿನ್‌ಗೆ ಹೋಗಿ ನರ್ನ್‌ಸ್ಟ್ ಅವರ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿ, 1921ರಲ್ಲಿ ಕಲ್ಕತ್ತೆಗೆ ಮರಳಿದರು.

ಯುದ್ಧ ಮತ್ತು ದುಃಖ

ಇಷ್ಟೆಲ್ಲ ಹೇಳಿದ ಮೇಲೆ ಅವರ ಬಾಳಿನ ಕಪ್ಪು ಪುಟವನ್ನೂ ಹೇಳದಿದ್ದರೆ ಸತ್ಯಕ್ಕೆ ಅಪಚಾರವಾಗುತ್ತದೆ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ 50 ವರ್ಷದ ನರ್ನ್‌ಸ್ಟ್ ಅವರು ಸ್ವಯಂಸೇವಕ ಚಾಲಕರಾಗಿ ಯುದ್ಧರಂಗಕ್ಕೆ ಹೋದರು. ಜರ್ಮನ್ ಸೈನ್ಯದ ಕೃತ್ಯಗಳನ್ನು ಸಮರ್ಥಿಸಿ 93 ಮಂದಿ ವಿದ್ವಾಂಸರು ಹೊರಡಿಸಿದ ಹೇಳಿಕೆಗೆ ಅವರೂ ಸಹಿ ಹಾಕಿದರು. ಶತ್ರುಗಳ ಕಣ್ಣು ಮೂಗುಗಳನ್ನು ಉರಿಸುವ ರಾಸಾಯನಿಕ ತುಂಬಿದ ತೋಪಿನ ಗುಂಡುಗಳನ್ನು ರೂಪಿಸುವ ಕೆಲಸದಲ್ಲಿ ತೊಡಗಿದರು. ವಿಷಾನಿಲದ ಯುದ್ಧಕ್ಕೆ ದಾರಿ ಮಾಡಿಕೊಟ್ಟ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು. ವಿದ್ಯೆಯು ಮನುಷ್ಯನನ್ನು ತಾನೇ ತಾನಾಗಿ ಒಳ್ಳೆಯವನನ್ನಾಗಿ ಮಾಡುವುದಿಲ್ಲ, ಅದನ್ನು ಯಾವುದಕ್ಕೆ ಬಳಸಬೇಕು ಎಂಬ ವಿವೇಕ ಬೇರೆಯೇ ಬೇಕು ಎಂಬುದನ್ನು ಇದು ನಮಗೆ ನೆನಪಿಸುತ್ತದೆ.

ಅದೇ ಯುದ್ಧ ಅವರ ಇಬ್ಬರು ಗಂಡುಮಕ್ಕಳನ್ನೂ ನುಂಗಿತು. ಇಬ್ಬರೂ ರಣರಂಗದಲ್ಲಿ ಮಡಿದರು. ಜಗತ್ತೇ ಮೆಚ್ಚಿ ಕೊಟ್ಟ ನೊಬೆಲ್ ಪ್ರಶಸ್ತಿ ಬಂದಾಗ ಆ ಮನೆಯಲ್ಲಿ ಗಂಡುಮಕ್ಕಳಿರಲಿಲ್ಲ.

1922ರಿಂದ 1924ರವರೆಗೆ ಅವರು ಜರ್ಮನಿಯ ರಾಷ್ಟ್ರೀಯ ಅಳತೆ ಮತ್ತು ಭೌತವಿಜ್ಞಾನ ಸಂಸ್ಥೆಯ ಅಧ್ಯಕ್ಷರಾಗಿದ್ದರು. ಆ ಬಳಿಕ ಬರ್ಲಿನ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಸಂಸ್ಥೆಯ ನಿರ್ದೇಶಕರಾದರು. 1930ರ ಸುಮಾರಿಗೆ ವಿದ್ಯುತ್ತಿನಿಂದ ನಾದವನ್ನು ವರ್ಧಿಸುವ ಹೊಸ ಬಗೆಯ ಪಿಯಾನೊವನ್ನೂ ರೂಪಿಸಿದರು. ಆದರೆ ಸಂಗೀತಗಾರರು ಅದನ್ನು ಅಷ್ಟಾಗಿ ಮೆಚ್ಚಲಿಲ್ಲ.

1933ರಲ್ಲಿ ಹಿಟ್ಲರನ ಆಡಳಿತ ಬಂತು. ಅದೇ ವರ್ಷ ನರ್ನ್‌ಸ್ಟ್ ಅವರು ನಿವೃತ್ತರಾದರು. ಅವರ ಇಬ್ಬರು ಅಳಿಯಂದಿರು ಯಹೂದಿ ಮೂಲದವರು. ಆ ಹೆಣ್ಣುಮಕ್ಕಳು ಗಂಡಂದಿರೊಡನೆ ದೇಶ ಬಿಟ್ಟು ಹೋಗಬೇಕಾಯಿತು. ಹುಟ್ಟಿನ ಆಧಾರದ ಮೇಲೆ ಸಹೋದ್ಯೋಗಿಗಳನ್ನು ಹೊರದಬ್ಬುವ ಆ ಆಡಳಿತದೊಡನೆ ಅವರು ರಾಜಿ ಮಾಡಿಕೊಳ್ಳಲಿಲ್ಲ. ತ್ಸಿಬೆಲ್ಲೆ ಎಂಬ ಹಳ್ಳಿಯಲ್ಲಿದ್ದ ತಮ್ಮ ಜಮೀನಿಗೆ ಹೋಗಿ ನೆಲೆಸಿದರು. ಅಲ್ಲಿ ಕೆರೆಯಲ್ಲಿ ಮೀನು ಸಾಕುತ್ತಿದ್ದರು. ದನಕರುಗಳು ತಿಂದದ್ದರಲ್ಲಿ ಬಹುಪಾಲನ್ನು ಮೈ ಬಿಸಿಯಿಡಲು ಖರ್ಚು ಮಾಡಿ ಸುತ್ತಲ ಗಾಳಿಯನ್ನು ಕಾಯಿಸುತ್ತವೆ, ಮೀನಾದರೆ ನೀರಿನಷ್ಟೇ ತಂಪಾಗಿರುವುದರಿಂದ ಮೇವು ವ್ಯರ್ಥವಾಗುವುದಿಲ್ಲ ಎಂಬುದು ಅವರ ಲೆಕ್ಕಾಚಾರವಾಗಿತ್ತೆಂದು ಹೇಳುವುದುಂಟು. ತಮ್ಮ ಶಾಸ್ತ್ರವನ್ನು ಮೀನಿನ ಕೆರೆಗೂ ಬಿಡದ ಮನುಷ್ಯ! 1941ರ ನವೆಂಬರ್ 18ರಂದು, 77ನೆಯ ವಯಸ್ಸಿನಲ್ಲಿ, ಅದೇ ಹಳ್ಳಿಯಲ್ಲಿ ಅವರು ನಿಧನರಾದರು. ಅವರ ಅವಶೇಷವನ್ನು ಮುಂದೆ ಗ್ಯೋಟಿಂಗೆನ್‌ಗೆ ತಂದು ಅಲ್ಲಿನ ನಗರ ಸ್ಮಶಾನದಲ್ಲಿ ಇಡಲಾಯಿತು.

ದ್ರವಲೋಹದ ಗುಟ್ಟು

ನರ್ನ್‌ಸ್ಟ್ ಅವರ ದೀಪ ಆರಿ ಹೋದ ಎಷ್ಟೋ ವರ್ಷಗಳ ಮೇಲೆ ಅವರ ಪಿಂಗಾಣಿಗೆ ಮರುಜನ್ಮ ಬಂದ ಕಥೆಯನ್ನು ಈಗ ನೋಡೋಣ. ಅದಕ್ಕೆ ಮೊದಲು ಉಕ್ಕು ತಯಾರಿಸುವವರ ಕಷ್ಟವನ್ನು ಅರಿಯಬೇಕು.

ಕಬ್ಬಿಣದಲ್ಲಿರುವ ಹೆಚ್ಚಿನ ಇಂಗಾಲವನ್ನು ಸುಡಲು ಕುಲುಮೆಯಲ್ಲಿ ಆಮ್ಲಜನಕವನ್ನು ಊದುತ್ತಾರೆ. ಇಂಗಾಲ ಹೋಗುತ್ತದೆ, ಆದರೆ ಒಂದಷ್ಟು ಆಮ್ಲಜನಕ ಉಕ್ಕಿನಲ್ಲಿಯೇ ವಿಲೀನವಾಗಿ ಉಳಿಯುತ್ತದೆ. ಊದುವಿಕೆ ಮುಗಿದಾಗ ಹತ್ತು ಲಕ್ಷ ಭಾಗ ಉಕ್ಕಿನಲ್ಲಿ ಹಲವು ನೂರು ಭಾಗ ಆಮ್ಲಜನಕ ಇರುವುದು ಸಾಮಾನ್ಯ. ದ್ರವವಾಗಿದ್ದಾಗ ಉಕ್ಕು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಗಟ್ಟಿಯಾಗುವಾಗ ಹಿಡಿದಿಟ್ಟುಕೊಳ್ಳಲಾರದು. ಆಗ ಅದು ಇಂಗಾಲದೊಡನೆ ಸೇರಿ ಅನಿಲವಾಗಿ ಗುಳ್ಳೆಗುಳ್ಳೆಯಾಗಿ ಏಳುತ್ತದೆ. ಫೌಂಡ್ರಿ ಕೆಲಸಗಾರರು ಬ್ಲೋ ಹೋಲ್ ಎನ್ನುವ ಟೊಳ್ಳುಗಳು ಎರಕದ ಒಳಗೆ ಉಳಿಯುತ್ತವೆ. ಮೇಲೆ ನೋಡಲು ನುಣುಪಾಗಿದ್ದು ಒಳಗೆ ಟೊಳ್ಳಿರುವ ಉಕ್ಕನ್ನು ನಂಬುವುದು ಹೇಗೆ?

ಇದಕ್ಕೆ ಪರಿಹಾರವಾಗಿ ಅಲ್ಯೂಮಿನಿಯಂ ಅಥವಾ ಸಿಲಿಕಾನ್ ಹಾಕಿ ಆಮ್ಲಜನಕವನ್ನು ಕಟ್ಟಿಹಾಕುತ್ತಾರೆ. ಆಗ ವಿಲೀನ ಆಮ್ಲಜನಕ ಹತ್ತು ಲಕ್ಷಕ್ಕೆ ಕೆಲವೇ ಭಾಗಕ್ಕೆ ಇಳಿಯುತ್ತದೆ. ಅಲ್ಯೂಮಿನಿಯಂ ಕಡಿಮೆ ಬಿದ್ದರೆ ಟೊಳ್ಳು ಉಳಿಯುತ್ತದೆ. ಹೆಚ್ಚಾದರೆ ಹಣ ವ್ಯರ್ಥ. ಕಟ್ಟುವ ಆಮ್ಲಜನಕ ಹೆಚ್ಚಿದ್ದಷ್ಟೂ ಅದರಿಂದ ಹುಟ್ಟುವ ಅಲ್ಯೂಮಿನಿಯಂ ಆಕ್ಸೈಡಿನ ಗಟ್ಟಿ ಕಣಗಳೂ ಹೆಚ್ಚು. ಅವು ಎರಕದ ನಳಿಗೆಯನ್ನು ಕಟ್ಟಿಸುತ್ತವೆ, ಉಕ್ಕಿನಲ್ಲಿ ಸಿಕ್ಕಿಕೊಂಡು ಮುಂದೆ ಬಿರುಕಿಗೆ ಬೀಜವಾಗುತ್ತವೆ. ಆದ್ದರಿಂದ ಎಷ್ಟು ಹಾಕಬೇಕು ಎಂದು ನಿರ್ಧರಿಸಲು ಎಷ್ಟು ಆಮ್ಲಜನಕ ಇದೆ ಎಂದು ಆ ಕ್ಷಣದಲ್ಲೇ ಗೊತ್ತಾಗಬೇಕು. ಹಿಂದೆ ಮಾದರಿ ತೆಗೆದು ಪ್ರಯೋಗಶಾಲೆಗೆ ಕಳಿಸಬೇಕಾಗಿತ್ತು. ಕಾದ ಉಕ್ಕಿಗೆ ವರದಿಗಾಗಿ ಕಾದು ಕುಳಿತುಕೊಳ್ಳುವ ವ್ಯವಧಾನವಿರುವುದಿಲ್ಲ. ಅನುಭವಿಗಳ ಕಣ್ಣಂದಾಜೇ ಬಹುಮಟ್ಟಿಗೆ ಆಧಾರವಾಗಿತ್ತು.

ಮೂರು ಸಂಶೋಧನೆ, ಒಂದೇ ಸಾಧನ

1943ರಲ್ಲಿ, ಅಂದರೆ ನರ್ನ್‌ಸ್ಟ್ ಅವರು ತೀರಿಕೊಂಡ ಎರಡು ವರ್ಷಗಳ ಮೇಲೆ, ಜರ್ಮನಿಯ ಕಾರ್ಲ್ ವ್ಯಾಗ್ನರ್ ಅವರು ನರ್ನ್‌ಸ್ಟ್ ಮಿಶ್ರಣದ ಮರ್ಮವನ್ನು ಬಿಡಿಸಿದರು. ಜಿರ್ಕೋನಿಯಾದ ಹರಳಿನಲ್ಲಿ ಯಿಟ್ರಿಯಾ ಬೆರೆತಾಗ, ಯಿಟ್ರಿಯಂ ತನ್ನೊಡನೆ ಕಡಿಮೆ ಆಮ್ಲಜನಕವನ್ನು ತರುವುದರಿಂದ, ಹರಳಿನ ಕೆಲವು ಆಮ್ಲಜನಕದ ಸ್ಥಾನಗಳು ಖಾಲಿ ಉಳಿಯುತ್ತವೆ. ತುಂಬಿದ ಸಭಾಂಗಣದಲ್ಲಿ ಅಲ್ಲಲ್ಲಿ ಕುರ್ಚಿ ಖಾಲಿಯಿದ್ದರೆ ಜನ ಒಂದರಿಂದ ಇನ್ನೊಂದಕ್ಕೆ ಸರಿಯುವಂತೆ, ಆಮ್ಲಜನಕದ ಅಯಾನುಗಳು ಆ ಖಾಲಿ ಸ್ಥಾನಗಳ ಮೂಲಕ ಸರಿದು ಹೋಗುತ್ತವೆ. 1957ರಲ್ಲಿ ಕಿಯುಕ್ಕೊಲಾ ಮತ್ತು ವ್ಯಾಗ್ನರ್ ಅವರು ಇಂಥ ಘನವಸ್ತುವನ್ನೇ ಗೋಡೆಯಾಗಿಟ್ಟು ವಿದ್ಯುತ್ ಕೋಶ ಮಾಡಿ, ನರ್ನ್‌ಸ್ಟ್ ಸಮೀಕರಣದಿಂದ ನಿಖರವಾದ ಅಳತೆ ಮಾಡಬಹುದೆಂದು ತೋರಿಸಿದರು. 1960ರ ದಶಕದಲ್ಲಿ ಅದನ್ನು ದ್ರವ ಉಕ್ಕಿನಲ್ಲಿ ಅದ್ದುವ ಪ್ರಯತ್ನಗಳು ನಡೆದವು. ಮುಂದಿನ ದಶಕಗಳಲ್ಲಿ ಅದು ಉಕ್ಕಿನ ಕಾರ್ಖಾನೆಗಳ ದಿನನಿತ್ಯದ ಉಪಕರಣವಾಯಿತು.

ಅದರ ರಚನೆ ಹೀಗಿದೆ. ಒಂದು ತುದಿ ಮುಚ್ಚಿದ, ಪೆನ್ಸಿಲಿಗಿಂತ ತೆಳ್ಳಗಿನ ಜಿರ್ಕೋನಿಯಾ ಕೊಳವೆ. ಏಕಾಏಕಿ 1600 ಡಿಗ್ರಿಗೆ ಒಡ್ಡಿದರೂ ಸಿಡಿಯಬಾರದೆಂದು ಇದರಲ್ಲಿ ಸಾಮಾನ್ಯವಾಗಿ ಯಿಟ್ರಿಯಾದ ಬದಲು ಮೆಗ್ನೀಸಿಯಾ ಬೆರೆಸಿರುತ್ತಾರೆ. ಕೊಳವೆಯ ಒಳಗೆ ಕ್ರೋಮಿಯಂ ಪುಡಿ ಮತ್ತು ಕ್ರೋಮಿಯಂ ಆಕ್ಸೈಡಿನ ಪುಡಿ ತುಂಬಿರುತ್ತದೆ. ಒಂದು ನಿರ್ದಿಷ್ಟ ಉಷ್ಣತೆಯಲ್ಲಿ ಈ ಜೋಡಿಯ ಆಮ್ಲಜನಕದ ಒತ್ತಡ ಒಂದು ನಿರ್ದಿಷ್ಟ ಬೆಲೆಗೆ ನಿಂತಿರುತ್ತದೆ. ಇದೇ ನಮಗೆ ತಿಳಿದಿರುವ ಕಡೆ. ಹೊರಗಿನ ಉಕ್ಕು ತಿಳಿಯಬೇಕಾದ ಕಡೆ. ಒಳಗಿಂದ ಒಂದು ತಂತಿ, ಹೊರಗೆ ಉಕ್ಕನ್ನು ಮುಟ್ಟುವ ಇನ್ನೊಂದು ಲೋಹದ ತುದಿ, ಪಕ್ಕದಲ್ಲೇ ಉಷ್ಣತೆ ಅಳೆಯುವ ಥರ್ಮೋಕಪಲ್. ಇವೆಲ್ಲವೂ ರಟ್ಟಿನ ಕೊಳವೆಯ ತುದಿಗೆ ಜೋಡಣೆಯಾಗಿರುತ್ತವೆ. ರಟ್ಟು ಸುಟ್ಟು ಹೋಗುವುದರೊಳಗೆ ಅಳತೆ ಮುಗಿದಿರುತ್ತದೆ. ಒಂದು ಸಂವೇದಕ ಒಂದೇ ಸಲಕ್ಕೆ, ಆಮೇಲೆ ಎಸೆಯಬೇಕು.

ಪಿಯುಸಿ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಇಲ್ಲಿ ಒಂದು ಆಮ್ಲಜನಕದ ಅಣು ದಾಟಲು ನಾಲ್ಕು ಎಲೆಕ್ಟ್ರಾನುಗಳ ವಿನಿಮಯವಾಗುತ್ತದೆ. ಸಮೀಕರಣದಲ್ಲಿ ಆ ನಾಲ್ಕನ್ನೂ, ಉಷ್ಣತೆಗೆ 1873 ಕೆಲ್ವಿನ್ ಅನ್ನೂ ಹಾಕಿದರೆ, ಆಮ್ಲಜನಕದ ಒತ್ತಡದಲ್ಲಿ ಹತ್ತು ಪಟ್ಟು ವ್ಯತ್ಯಾಸಕ್ಕೆ ಸುಮಾರು 93 ಮಿಲಿವೋಲ್ಟ್ ಬರುತ್ತದೆ. ಉಕ್ಕಿನಲ್ಲಿ ಆಮ್ಲಜನಕವು ಬಿಡಿ ಪರಮಾಣುವಾಗಿ ವಿಲೀನವಾಗುವುದರಿಂದ, ಅದರ ಪ್ರಮಾಣ ಹತ್ತು ಪಟ್ಟು ಬದಲಾದರೆ ವ್ಯತ್ಯಾಸ ಇದರ ಇಮ್ಮಡಿ, ಅಂದರೆ ಸುಮಾರು 186 ಮಿಲಿವೋಲ್ಟ್. ಇಷ್ಟು ದೊಡ್ಡ ವ್ಯತ್ಯಾಸವನ್ನು ಅಳೆಯುವುದು ಕಷ್ಟವಲ್ಲ. ಆಮ್ಲಜನಕ ತೀರಾ ಕಡಿಮೆಯಾದಾಗ ಮಾತ್ರ ಜಿರ್ಕೋನಿಯಾದಲ್ಲಿ ಎಲೆಕ್ಟ್ರಾನುಗಳೂ ಸ್ವಲ್ಪ ನುಸುಳತೊಡಗುತ್ತವೆ, ಅದಕ್ಕೆ ತಿದ್ದುಪಡಿ ಮಾಡಿಕೊಳ್ಳಬೇಕಾಗುತ್ತದೆ.

ಈಗ ಒಂದು ಕ್ಷಣ ನಿಂತು ನೋಡೋಣ. ವೋಲ್ಟಿನಿಂದ ಆಮ್ಲಜನಕವನ್ನು ಲೆಕ್ಕ ಹಾಕುವ ಸೂತ್ರ 1889ರದು. ಗೋಡೆಯಾಗಿ ನಿಂತ ಪಿಂಗಾಣಿಯ ಮೂಲ 1897ರ ದೀಪ. ಇನ್ನು ಒಳಗಿನ ಕ್ರೋಮಿಯಂ ಜೋಡಿಯ ಆಮ್ಲಜನಕದ ಒತ್ತಡವನ್ನು ಪಟ್ಟಿ ನೋಡಿ ಹೇಳುತ್ತೇವಲ್ಲ, ಅಂಥ ಪಟ್ಟಿಗಳನ್ನು ಉಷ್ಣದ ಅಳತೆಗಳಿಂದ ಸಿದ್ಧಪಡಿಸಲು ಆಧಾರವಾದದ್ದು 1905ರ ಮೂರನೆಯ ನಿಯಮ. ಒಬ್ಬನೇ ವಿಜ್ಞಾನಿ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಉದ್ದೇಶಕ್ಕಾಗಿ ಮಾಡಿದ ಮೂರು ಕೆಲಸಗಳು ಒಂದು ಸಣ್ಣ ಕೊಳವೆಯಲ್ಲಿ ಬಂದು ಸೇರಿವೆ. ಅದನ್ನು ನೋಡಲು ಅವರು ಮಾತ್ರ ಇರಲಿಲ್ಲ.

ಈ ವಿಧಾನ ಉಕ್ಕಿಗೆ, ಆಮ್ಲಜನಕಕ್ಕೆ ಮಾತ್ರ ಸೀಮಿತವಾಗಿಲ್ಲ. ಅಲ್ಯೂಮಿನಿಯಂ ಎರಕದವರ ಶತ್ರು ಹೈಡ್ರೋಜನ್. ತೇವದಿಂದ ಬರುವ ಈ ಅನಿಲ ದ್ರವ ಅಲ್ಯೂಮಿನಿಯಂನಲ್ಲಿ ವಿಲೀನವಾಗುತ್ತದೆ. ಲೋಹ ಗಟ್ಟಿಯಾಗುವಾಗ ಹಿಡಿದಿಡುವ ಶಕ್ತಿ ಸುಮಾರು ಇಪ್ಪತ್ತರಲ್ಲೊಂದು ಪಾಲಿಗೆ ಕುಸಿಯುವುದರಿಂದ ಸೂಜಿಮೊನೆಯಂಥ ರಂಧ್ರಗಳು ಉಳಿಯುತ್ತವೆ. 1981ರಲ್ಲಿ ಜಪಾನಿನ ಇವಾಹರಾ ಅವರು ಕಾದಾಗ ಹೈಡ್ರೋಜನ್ ಅಯಾನುಗಳನ್ನು ದಾಟಿಸುವ ಪಿಂಗಾಣಿಗಳನ್ನು ಪ್ರಕಟಿಸಿದರು. ಆ ಬಗೆಯ ಪಿಂಗಾಣಿಯಾದ, ಇಂಡಿಯಂ ಬೆರೆಸಿದ ಕ್ಯಾಲ್ಸಿಯಂ ಜಿರ್ಕೋನೇಟ್‌ನಿಂದ, 700 ಡಿಗ್ರಿ ಸುಮಾರಿನ ಅಲ್ಯೂಮಿನಿಯಂನಲ್ಲಿ ಹೈಡ್ರೋಜನ್ ಅಳೆಯುವ ಸಂವೇದಕಗಳು 1990ರ ದಶಕದಲ್ಲಿ ಬಂದವು. ಅಲ್ಲಿಯೂ ಸೂತ್ರ ಅದೇ, ನಾಲ್ಕರ ಬದಲು ಎರಡು ಎಲೆಕ್ಟ್ರಾನ್ ಎಂಬುದಷ್ಟೇ ವ್ಯತ್ಯಾಸ. ಕಾರುಗಳನ್ನು ಅಷ್ಟೊಂದು ಪ್ರೀತಿಸಿದ ನರ್ನ್‌ಸ್ಟ್ ಅವರ ಪಿಂಗಾಣಿ ಕಾರಿನೊಳಕ್ಕೂ ಬಂದಿದೆ. 1976ರಿಂದೀಚೆಗೆ ಪೆಟ್ರೋಲ್ ಕಾರುಗಳ ಹೊಗೆಕೊಳವೆಯಲ್ಲಿ ಆಮ್ಲಜನಕವನ್ನು ಅಳೆದು ಎಂಜಿನ್ನಿಗೆ ಪೆಟ್ರೋಲಿನ ಪ್ರಮಾಣ ತಿಳಿಸುವ ಸಂವೇದಕವೂ ಜಿರ್ಕೋನಿಯಾದ್ದೇ.

ನಮ್ಮ ವಿದ್ಯಾರ್ಥಿಗಳಿಗೆ

ಪ್ರಿಯ ವಿದ್ಯಾರ್ಥಿಗಳೇ, ಹತ್ತು ಲಕ್ಷ ಮಾರ್ಕ್ ತಂದ ದೀಪವನ್ನು ಇಂದು ಮ್ಯೂಸಿಯಂಗಳಲ್ಲಿ ಹುಡುಕಬೇಕು. ಅದಕ್ಕೆ ಬೆಲೆ ಕಟ್ಟಿದ ಮಾರುಕಟ್ಟೆಯೇ ಅದನ್ನು ಕೈಬಿಟ್ಟಿತು. ಆದರೆ ಆ ದೀಪ ಏಕೆ ಉರಿಯುತ್ತದೆ ಎಂದು ಕೇಳಿಕೊಂಡಾಗ ದೊರೆತ ತಿಳಿವಳಿಕೆ ಉಳಿಯಿತು. ಒಂದು ವಸ್ತುವನ್ನು ಮಾಡುವುದಷ್ಟೇ ಅಲ್ಲ, ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಳಮಟ್ಟದವರೆಗೆ ತಿಳಿಯಬೇಕು ಎನ್ನುವುದಕ್ಕೆ ಇದೇ ಕಾರಣ.

ನಮ್ಮ ಮಕ್ಕಳಲ್ಲಿ ಅನೇಕರು ಡಿಪ್ಲೊಮಾ, ಐಟಿಐ, ಎಂಜಿನಿಯರಿಂಗ್ ಮುಗಿಸಿ ಫೌಂಡ್ರಿಗಳಿಗೂ ಉಕ್ಕಿನ ಕಾರ್ಖಾನೆಗಳಿಗೂ ಕೆಲಸಕ್ಕೆ ಸೇರುತ್ತಾರೆ. ಅವರಲ್ಲಿ ಯಾರಾದರೂ ಒಂದು ದಿನ ಕುಲುಮೆಯ ಮುಂದೆ ನಿಂತು ಆ ಸಲಾಕೆಯನ್ನು ಕೈಯಲ್ಲಿ ಹಿಡಿಯಬಹುದು. ಫಲಕದ ಮೇಲಿನ ಅಂಕಿಯನ್ನು ಬರೆದುಕೊಳ್ಳುವುದು ಎಲ್ಲರಿಗೂ ಬರುತ್ತದೆ. ಆ ಅಂಕಿ ಎಲ್ಲಿಂದ ಬಂತು, ಎಷ್ಟರ ಮಟ್ಟಿಗೆ ನಂಬಬಹುದು, ಯಾವಾಗ ಅನುಮಾನಿಸಬೇಕು ಎಂದು ಗೊತ್ತಿರುವವನು ಮಾತ್ರ ತನ್ನ ಕೆಲಸದ ಯಜಮಾನನಾಗುತ್ತಾನೆ. ಬಾಯಿಪಾಠ ಮಾಡಿ ಮರೆತುಬಿಟ್ಟ ಆ ಸೂತ್ರವನ್ನು ಇನ್ನೊಮ್ಮೆ ತೆರೆದು ನೋಡಿ. ಅದನ್ನು ಬರೆದಾಗ ನರ್ನ್‌ಸ್ಟ್ ಅವರಿಗೆ ನಿಮಗಿಂತ ಏಳೆಂಟು ವರ್ಷ ಮಾತ್ರ ಹೆಚ್ಚಾಗಿತ್ತು.